ಆನ್‌ಲೈನಲ್ಲಿ ತಗೊಂಡ ಹರ್ಬಲ್ ಕ್ಯಾಪ್ಸೂಲಿಂದ ಬೇಗ ತೂಕ ಇಳೀತಿದೆ, ಆದ್ರೆ ಹಸಿವೇ ಆಗಲ್ಲ, ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ. ಮುಂದುವರಿಸಬಹುದಾ?

ಬೇಡ, ಇವತ್ತೇ ನಿಲ್ಲಿಸಿ. ಹಸಿವೇ ಆಗಲ್ಲ, ನಿದ್ದೆ ಬರಲ್ಲ, ಎದೆ ಬಡ್ಕೊಳ್ಳುತ್ತೆ, ಈ ಮೂರನ್ನೂ ಒಟ್ಟಿಗೆ ಓದಿದ ತಕ್ಷಣ ಫಾರ್ಮಸಿಸ್ಟ್ ಆಗಿ ನನಗೆ ಮೊದಲು ಅನುಮಾನ ಬಂದಿದ್ದು ಸಿಬುಟ್ರಾಮಿನ್ ಅನ್ನೋ, ಹಸಿವು ಕಮ್ಮಿ ಮಾಡಿ ತೂಕ ಇಳಿಸೋ ಔಷಧಿ ಮೇಲೆ. ನಿಮ್ಮ ಡಬ್ಬಿಲೂ ಅದೇ ಇದೆ ಅಂತ ಲ್ಯಾಬ್ ಟೆಸ್ಟ್ ಇಲ್ಲದೆ ಹೇಳಕ್ಕಾಗಲ್ಲ, ಆದ್ರೆ ಗಿಡಮೂಲಿಕೆ ಅಂತ ಹೇಳಿ ಮಾರೋ ತೂಕದ ಮಾತ್ರೆಗಳಲ್ಲಿ ಪದೇ ಪದೇ ಸಿಕ್ಕಿಬಿದ್ದಿರೋದು ಇದೇ.

ಒಂದು ಕಾಲದಲ್ಲಿ ಇದನ್ನ ಡಾಕ್ಟರೇ ಬರೆದುಕೊಡ್ತಿದ್ರು. ಆಮೇಲೆ ಹೃದಯದ ತೊಂದರೆ ಅಥವಾ ಶುಗರ್ ಇರೋ ಸುಮಾರು 10 ಸಾವಿರ ಜನರ ಮೇಲೆ ದೊಡ್ಡ ಅಧ್ಯಯನ ಆಯ್ತು, ಅದ್ರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಥರದ ಅಪಾಯ ಶೇಕಡಾ 16ರಷ್ಟು ಜಾಸ್ತಿ ಕಂಡಿದ್ದಕ್ಕೆ 2010ರಲ್ಲಿ ಯುರೋಪ್, ಅಮೆರಿಕ ಎರಡೂ ಕಡೆ ಮಾರುಕಟ್ಟೆಯಿಂದ ತೆಗೆದುಹಾಕಿದ್ರು. ಅದೇ ಪುಡಿ ಈಗ ಎಲೆ ಚಿತ್ರ ಇರೋ ಡಬ್ಬಿಯೊಳಗೆ ಸೇರ್ಕೊಂಡು ಬರ್ತಿದೆ, ಎಷ್ಟು ಮಿಲಿಗ್ರಾಂ ಹಾಕಿದಾರೋ ಲೇಬಲ್ ಮೇಲೆ ಇರಲ್ಲ, ಒಂದು ಡಬ್ಬಿಲಿ ಇದ್ದಷ್ಟೇ ಇನ್ನೊಂದರಲ್ಲಿ ಇರುತ್ತೆ ಅನ್ನೋ ಗ್ಯಾರಂಟಿನೂ ಇಲ್ಲ. ಕ್ಯಾಪ್ಸೂಲ್ ಬಿಚ್ಚಿ ನೋಡಿದ್ರೂ ಏನೂ ಗೊತ್ತಾಗಲ್ಲ, ಪುಡಿ ಪುಡಿ ಥರನೇ ಇರುತ್ತೆ.

ಮಾರಿದವರು "ದೇಹ ಡಿಟಾಕ್ಸ್ ಆಗ್ತಿದೆ, ಮೊದಮೊದಲು ಹೀಗೇ" ಅಂದ್ರು ಅಂತ ಬರ್ದಿದೀರಲ್ಲ, ಅದು ಶುದ್ಧ ಬೊಗಳೆ. ಡಬ್ಬಿ ಮೇಲಿರೋ "ಎಫ್‌ಡಿಎ ರಿಜಿಸ್ಟರ್ಡ್" ಅನ್ನೋದಕ್ಕೂ ಮರುಳಾಗ್ಬೇಡಿ (ಎಫ್‌ಡಿಎ ಅಂದ್ರೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ). ಅದರರ್ಥ ಹೆಚ್ಚೆಂದರೆ ಫ್ಯಾಕ್ಟರಿ ಹೆಸರು ನೋಂದಣಿ ಆಗಿದೆ ಅಂತ ಅಷ್ಟೇ, ಮಾತ್ರೆನ ಯಾರೋ ಪರೀಕ್ಷೆ ಮಾಡಿ ಒಪ್ಪಿದಾರೆ ಅಂತಲ್ಲ. ಅಮೆರಿಕದಲ್ಲೇ 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟ್ ಮಾರೋಕೆ ಮೊದಲು ಎಫ್‌ಡಿಎ ಒಪ್ಪಿಗೆ ಬೇಕಿಲ್ಲ, ಜನಕ್ಕೆ ತೊಂದರೆ ಆದ್ಮೇಲೇನೇ ಎಷ್ಟೋ ಸಲ ಕ್ರಮ ಆಗೋದು.

ಇನ್ನು "ಕೆಮಿಕಲ್ ಬೆರೆಸದೆ ಬರೀ ಮೂಲಿಕೆ ಇದ್ರೆ ಪರವಾಗಿಲ್ವಾ" ಅಂತ ಕೇಳಿದೀರಿ. 1990ರ ದಶಕದ ಶುರುವಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸೋ ಚಿಕಿತ್ಸೆಗೆ ಅಂತ ಚೀನೀ ಮೂಲಿಕೆ ಕೊಟ್ಟಿದ್ರು, ಒಂದು ಗಿಡದ ಬದಲು ಅರಿಸ್ಟೊಲೋಕಿಯಾ ಅನ್ನೋ ಇನ್ನೊಂದು ಗಿಡ ಸೇರಿಹೋಗಿತ್ತು. ಸುಮಾರು 100 ಹೆಂಗಸರ ಕಿಡ್ನಿ ಹಾಳಾಯ್ತು, ಹಲವರಿಗೆ ಡಯಾಲಿಸಿಸ್, ಕಿಡ್ನಿ ಕಸಿ ಬೇಕಾಯ್ತು, ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಕೂಡ. ಅದೂ ಮೂಲಿಕೆನೇ ತಾನೆ? ಗ್ರೀನ್ ಟೀ ಕೂಡ ಅಷ್ಟೇ, ಕಪ್ಪಲ್ಲಿ ಕುಡಿಯೋದು ಬೇರೆ, ಅದರ ಸಾರಾನ ಗಟ್ಟಿ ಮಾಡಿ ಕ್ಯಾಪ್ಸೂಲಲ್ಲಿ ನುಂಗೋದು ಬೇರೆ, ಲಿವರ್ ಪೆಟ್ಟು ತಿಂದಿರೋ ಕೇಸುಗಳು ಬೇಕಾದಷ್ಟಿವೆ.

ಡಬ್ಬಿ ಮಾತ್ರ ಬಿಸಾಕ್ಬೇಡಿ, ಉಳಿದ ಮಾತ್ರೆ ಸಮೇತ ಡಾಕ್ಟರ್ ಹತ್ರ ತಗೊಂಡ್ಹೋಗಿ. ಬಿಪಿ, ಇಸಿಜಿ, ಲಿವರ್, ಕಿಡ್ನಿ ನೋಡ್ಬೇಕಾಗುತ್ತೆ ಅವರು. ಡಿಪ್ರೆಷನ್‌ಗೆ ಏನಾದ್ರೂ ಮಾತ್ರೆ ನಡೀತಿದ್ರೆ ಅದನ್ನ ಎಲ್ಲಕ್ಕಿಂತ ಮೊದಲು ಹೇಳಿ, ಸಿಬುಟ್ರಾಮಿನ್ ಜೊತೆ ಅಂಥ ಎಷ್ಟೋ ಮಾತ್ರೆಗಳು ಸೇರಿದ್ರೆ ಜೀವಕ್ಕೇ ಕುತ್ತು (ಹಾಗಂತ ಆ ಮಾತ್ರೆನ ನೀವಾಗೇ ನಿಲ್ಲಿಸ್ಬೇಡಿ). ಎದೆನೋವು, ತಲೆಸುತ್ತಿ ಬೀಳೋದು, ಕಣ್ಣು ಹಳದಿ, ಮೂತ್ರ ಕಪ್ಪು ಚಹಾ ಬಣ್ಣ, ಇದ್ರಲ್ಲಿ ಒಂದು ಕಂಡ್ರೂ ಅಪಾಯಿಂಟ್ಮೆಂಟ್‌ಗೆ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ.