ಅತ್ತೆ ಮನೇಲಿ ಇಂಪ್ಲಾಂಟ್ ಮಷೀನ್ ತೆಗೆದಿಟ್ಟುಬಿಡ್ತಾರೆ, ಏನು ಮಾಡ್ಲಿ?

ಪ್ರಶ್ನೆ: ಅಕ್ಕಾ, ನಮ್ಮತ್ತೆಗೆ 61 ವರ್ಷ. ಕಿವಿ ಕೇಳಿಸಲಿ ಅಂತ ಆಪರೇಷನ್ ಮಾಡಿ ಒಳಗಿವಿಗೆ ಕೂರಿಸೋ ಕಾಕ್ಲಿಯರ್ ಇಂಪ್ಲಾಂಟ್ ಹಾಕ್ಸಿ, ಸ್ವಿಚ್ ಆನ್ ಮಾಡಿ ಎರಡು ತಿಂಗಳಾಯ್ತು. ಎಲ್ಲರ ದನೀನೂ ತಗಡು ಬಡಿದಂಗೆ ಕೇಳುತ್ತೆ ಅಂತ ಮನೇಲಿ ತೆಗೆದಿಟ್ಟು, ಹೊರಗೆ ಹೋಗುವಾಗ ಮಾತ್ರ ಹಾಕ್ಕೋತಾರೆ. ಮೇಲಿಂದ ಈ ಮಳೆ. ಏನ್ಮಾಡೋದು?
– ಒಬ್ಬ ಸೊಸೆ, ಡೊಂಬಿವಲಿ

ಉತ್ತರ: ತಂಗಿ, ನಿಮ್ಮತ್ತೆ ಹೇಳ್ತಿರೋದು ನಿಜ, ಮೊದಲು ಅದನ್ನ ನಂಬಿ. ಒಂಬತ್ತು ವರ್ಷದ ಹಿಂದೆ ನನಗೆ ಸ್ವಿಚ್ ಆನ್ ಆದಾಗ ಮಗನ ದನಿ ಯಾವುದು, ಕುಕ್ಕರ್ ಸೀಟಿ ಯಾವುದು ಗೊತ್ತಾಗದೆ ಅಡುಗೆಮನೇಲಿ ಕೂತು ಅತ್ತುಬಿಟ್ಟಿದ್ದೆ. ಚೆನ್ನಾಗಿರೋ ಕಿವೀಲಿ ಶಬ್ದನ ನರಕ್ಕೆ ದಾಟಿಸೋ ಕೂದಲಕೋಶಗಳು ಸುಮಾರು 3,500 ಇರ್ತಾವೆ, ಇಂಪ್ಲಾಂಟಲ್ಲಿ ಆ ಕೆಲಸಕ್ಕೆ ಸಾಮಾನ್ಯವಾಗಿ 12ರಿಂದ 22 ಎಲೆಕ್ಟ್ರೋಡ್, ಅಂದ್ರೆ ನರಕ್ಕೆ ಕರೆಂಟ್ ಮುಟ್ಟಿಸೋ ಪುಟ್ಟ ತುದಿಗಳು, ಅಷ್ಟೇ. ಅಷ್ಟರಲ್ಲೇ ಮಾತು ಜೋಡಿಸ್ಕೊಳ್ಳೋದನ್ನ ಮೆದುಳು ಹೊಸದಾಗಿ ಕಲೀಬೇಕು, ಕಲಿಯೋಕೆ ಶಾಂತವಾದ ಮನೇನೇ ಬೇಕು. ಲೋಕಲ್ ಟ್ರೇನ್ ಗದ್ದಲದಲ್ಲಿ ಹಾಕಿ ಮನೇಲಿ ತೆಗೆದ್ರೆ ಅವರಿಗೆ ಸಿಗೋದು ಬರೀ ಗದ್ದಲ. ಎದ್ದಾಗಿಂದ ಮಲಗೋವರೆಗೂ ಇರಲಿ, ಸ್ನಾನಕ್ಕೆ ಮಾತ್ರ ತೆಗೀಲಿ.

ದಿನಾ ಅರ್ಧ ಗಂಟೆ ಪಕ್ಕದಲ್ಲಿ ಕೂತು ‘ಕರ್ನಾಟಕ ಮಲ್ಲ’ ಪೇಪರ್ ಓದಿ, ಅವರು ಸಾಲಿನ ಮೇಲೆ ಬೆರಳಿಟ್ಕೊಂಡು ಬರಲಿ, ನಡುವೆ ನಿಲ್ಲಿಸಿ ಎಲ್ಲಿದ್ದೀವಿ ಅಂತ ಕೇಳಿ. ಸೆಂಟರಲ್ಲಿ ಹಿಂದಿ, ಮರಾಠೀಲಿ ಅಭ್ಯಾಸ ಕೊಟ್ಟಿದ್ರೂ ಪರ್ವಾಗಿಲ್ಲ, ಮನೇಲಿ ಕನ್ನಡದಲ್ಲೇ ಮಾಡ್ಸಿ, ಹುಟ್ಟಿನಿಂದ ಕೇಳಿದ ಮಾತು ಬೇಗ ಕೈಗೆ ಸಿಗುತ್ತೆ. ಬೆಳಿಗ್ಗೆ ಒಂದ್ಸಲ ಬೆನ್ನ ಹಿಂದೆ ನಿಂತು ಆ, ಈ, ಊ, ಮ್, ಶ್, ಸ್ ಅನ್ನಿ. ನಿನ್ನೆ ಕೇಳಿದ ‘ಸ್’ ಇವತ್ತು ಕೇಳಲಿಲ್ಲ ಅಂದ್ರೆ ಬ್ಯಾಟರಿನೋ ಮೈಕೋ ನೋಡ್ಬೇಕು. ಇನ್ನೊಂದು, ಅಡುಗೆಮನೆಯಿಂದ ಕೂಗಬೇಡಿ ತಂಗಿ, ಮಿಕ್ಸಿ ನಿಲ್ಲಿಸಿ ಎದುರಿಗೆ ಬಂದು ಮಾತಾಡಿ, ಇದು ನಿಮ್ಮನೆಯವರೆಲ್ಲರಿಗೂ.

ಮಳೆ ವಿಷಯ. ನಾನು ಒಂದ್ಸಲ ಠಾಣೆ ಸ್ಟೇಷನ್ ಸೇತುವೆ ಮೇಲೆ ಮಳೆಗೆ ಹೆದರಿ ಪ್ರೊಸೆಸರ್‌ಗೆ, ಅಂದ್ರೆ ಹೊರಗೆ ಹಾಕ್ಕೊಳ್ಳೋ ಮಷೀನ್‌ಗೆ, ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿದ್ದೆ, ಸ್ವಲ್ಪ ಹೊತ್ತಿಗೆ ಪೂರ್ತಿ ಬಂದ್! ನಮ್ಮ ಆ ಗುಂಡಿ ಬ್ಯಾಟರಿ ಗಾಳಿ ಇಲ್ಲದೆ ಓಡಲ್ಲ, ಅದು ಆಮೇಲೆ ಗೊತ್ತಾಯ್ತು. ಈಗ ಮಳೆ ಜೋರಾದ್ರೆ ತೆಗೆದು ಒಣ ಡಬ್ಬಿಗೆ ಹಾಕಿ ಬ್ಯಾಗೊಳಗೆ ಇಟ್ಕೋತೀನಿ. ರಾತ್ರಿ ಬ್ಯಾಟರಿ ಬಿಚ್ಚಿ ಮಷೀನನ್ನ ಸಿಲಿಕಾ ಜೆಲ್ ಇರೋ ಡಬ್ಬೀಲಿಡಿ, ಮುಂಬೈ ಹವೇಲಿ ಬೆವರೂ ಸಾಕು ಅದನ್ನ ಕೆಡಿಸೋಕೆ.

ಮಷೀನಿಂದ ತಲೆಗೆ ಅಂಟ್ಕೊಳ್ಳೋ ಬಿಲ್ಲೆ ಇದ್ಯಲ್ಲ, ಆ ಕಾಯಿಲ್‌ನಲ್ಲಿ ಆಯಸ್ಕಾಂತ ಇದೆ, ಬೀರು ಬಾಗಿಲ ಹತ್ರ ಬಗ್ಗಿದಾಗ ಟಕ್ ಅಂತ ಅಲ್ಲೇ ಅಂಟ್ಕೊಳ್ಳುತ್ತೆ, ಗಾಬರಿ ಬೇಡ. ಆದ್ರೆ ಅದರ ಕೆಳಗಿನ ಚರ್ಮ ಕೆಂಪಾಗಿ ನೋವಿದ್ರೆ ತಡ ಮಾಡದೆ ತೋರಿಸಿ, ಆಯಸ್ಕಾಂತದ ಬಿಗಿ ಕಮ್ಮಿ ಮಾಡ್ಬೋದು. ಎಂಆರ್‌ಐ ಬರೆದುಕೊಟ್ರೆ ಇಂಪ್ಲಾಂಟ್ ಕಾರ್ಡ್ ತೋರಿಸದೆ ಆ ರೂಮಿಗೆ ಕಾಲಿಡಬಾರದು, ಇದನ್ನ ಮರೀಲೇಬೇಡಿ.

ತಗಡಿನ ಸದ್ದು ಅಂತಾರಲ್ಲ, ಯಾರ ದನಿ ಹಾಗಿದೆ, ಪಾತ್ರೆ ಬಿದ್ರೆ ಬೆಚ್ಚಿಬೀಳ್ತಾರಾ, ಫೋನಲ್ಲಿ ಏನು ತಿಳೀತು, ಎಲ್ಲ ಚೀಟೀಲಿ ಬರೆದು ಮುಂದಿನ ಮ್ಯಾಪಿಂಗ್‌ಗೆ, ಅಂದ್ರೆ ಮಷೀನ್ ಸೆಟ್ಟಿಂಗ್ ಹೊಂದಿಸೋ ದಿನ, ತಗೊಂಡು ಹೋಗಿ, ಆಡಿಯಾಲಜಿಸ್ಟ್ (ಕಿವಿ ಕೇಳೋದನ್ನ ಪರೀಕ್ಷಿಸೋ ತಜ್ಞರು) ಅದನ್ನೂ ನೋಡಿ ಸೆಟ್ಟಿಂಗ್ ಸರಿ ಮಾಡ್ತಾರೆ. ಜೊತೆಗೆ ನೀವೇ ಹೋಗಿ.