ಉಪ್ಪಿನ ಡಬ್ಬಿ, ಗೋಧಿಯ ಡಬ್ಬಿ

ಡೊಂಬಿವಲಿಯ ಓದುಗರೊಬ್ಬರ ಪತ್ರ: "ಭಾನುವಾರ ನಮ್ಮ ಕನ್ನಡ ಸಂಘದ ವಾಚನಾಲಯದಲ್ಲಿ ಮೂರು ತಾಸು ವಾದ. ಗುರುತ್ವವೆಂದರೆ ಎಳೆತ, ನ್ಯೂಟನ್ ಸಾಕು ಎಂದು ಒಂದು ಗುಂಪು. ಎಳೆತವೇ ಇಲ್ಲ, ಐನ್‌ಸ್ಟೈನ್ ಹೇಳಿದಂತೆ ದೇಶಕಾಲ (ಜಾಗ, ಕಾಲ ಎರಡರ ಹೆಣಿಗೆ) ರಬ್ಬರ್ ಹಾಳೆಯಂತೆ ಬಾಗಿದೆ ಎಂದು ಇನ್ನೊಂದು. ವಿಶ್ವ ಮಹಾಸ್ಫೋಟದಿಂದ ಶುರುವಾಯಿತೆಂಬುದನ್ನು ಪುಣೆಯ ಖಗೋಳವಿಜ್ಞಾನಿ ನಾರ್ಳೀಕರರೇ ಒಪ್ಪಲಿಲ್ಲ ಎಂದರು ಹಿರಿಯರೊಬ್ಬರು. ಗಣಿತ ಬಾರದವರು ಈ ಮಾತಿಗೆ ಇಳಿಯಬಾರದು ಎಂದು ಅಧ್ಯಾಪಕರೊಬ್ಬರು ಎದ್ದು ಹೋದರು. ತಾವು ಯಾರ ಪಕ್ಷ?"

ಉತ್ತರ: ಅಧ್ಯಾಪಕರ ಮಾತು ಸುಳ್ಳಲ್ಲ. ಐನ್‌ಸ್ಟೈನ್ 1915ರಲ್ಲಿ ಕೊಟ್ಟ ಗುರುತ್ವದ ಸಮೀಕರಣಗಳನ್ನು ಬಿಡಿಸಲು ಟೆನ್ಸರ್ ಗಣಿತ (ಬಾಗಿದ ದೇಶಕಾಲದ ಲೆಕ್ಕ ಹಾಕುವ ಗಣಿತ) ಬೇಕೇ ಬೇಕು. ಆದರೂ ಮೂರು ತಾಸು ಕುಳಿತು ವಾದ ಮಾಡಿದ ನಿಮ್ಮ ಮಂದಿಯ ಮೇಲೆಯೇ ನನಗೆ ಅಭಿಮಾನ. ಅವರಿಗೆ ಬೇಕಾಗಿದ್ದದ್ದು ಒಂದಿಷ್ಟು ದಾರ, ಎರಡು ಡಬ್ಬಿ.

ಒಂದೇ ಅಳತೆಯ ಎರಡು ಪುಟ್ಟ ಡಬ್ಬಿ ತನ್ನಿ; ದಾರಕ್ಕೆ ತೂಗುಬಿಟ್ಟು ಲೋಲಕ ಮಾಡೋಣ. ಒಂದಕ್ಕೆ ಉಪ್ಪು, ಒಂದಕ್ಕೆ ಗೋಧಿ, ಎರಡನ್ನೂ ಕಂಠಪೂರ್ತಿ ತುಂಬಿ. ಅರ್ಧ ತುಂಬಿದರೆ ಭಾರದ ಕೇಂದ್ರ ಕೆಳಗಿಳಿದು ಲೋಲಕ ಉದ್ದವಾಗುತ್ತದೆ; ಒಂದೇ ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ 50 ತೂಗಾಟದಲ್ಲಿ ಎರಡೂ ಕಾಲು ತೂಗಾಟದಷ್ಟು ಹಿಂದುಮುಂದಾಗುತ್ತವೆ. ನೈಲಾನ್ ಜಗ್ಗುತ್ತದೆ, ಗಟ್ಟಿ ಹತ್ತಿಯ ದಾರವಿರಲಿ. ಮೊಳೆಗೆ ಕಟ್ಟಿದರೆ ಗಂಟು ಸರಿದಾಡುತ್ತದೆ. ಎರಡು ಮರದ ಪಟ್ಟಿಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಸಿ. ಪಟ್ಟಿಯ ಅಂಚಿನಿಂದ ಡಬ್ಬಿಯ ನಡುಮಧ್ಯಕ್ಕೆ 100 ಸೆಂ.ಮೀ. ಫ್ಯಾನ್ ಆರಿಸಿ, 8 ಸೆಂ.ಮೀ. ಮಾತ್ರ ಎಳೆದು ಬಿಡಿ. ಡಬ್ಬಿ ಎಲ್ಲಕ್ಕಿಂತ ಕೆಳಗೆ ಹಾಯುವಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ "ಸೊನ್ನೆ" ಎನ್ನಿ. "ಒಂದು" ಎಂದು ಶುರುಮಾಡುವುದೇ ಸಾಮಾನ್ಯ ತಪ್ಪು: 49 ತೂಗಾಟದ ಕಾಲವನ್ನು 50ರಿಂದ ಭಾಗಿಸಿ ಗುರುತ್ವ ಶೇ. 4 ಹೆಚ್ಚು ಬರುತ್ತದೆ. ನೆಟ್ಟಗೆ ಎಣಿಸಿದರೆ ನಮ್ಮ ಕಡೆ 50 ಪೂರ್ಣ ತೂಗಾಟಕ್ಕೆ (ಹೋಗಿ ಬಂದರೆ ಒಂದು) ಸುಮಾರು 100.4 ಸೆಕೆಂಡು, ಲೆಕ್ಕ ಹಾಕಿದರೆ ಗುರುತ್ವದ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 9.79 ಮೀಟರ್.

ಈಗ ಎರಡನ್ನೂ ಒಟ್ಟಿಗೆ ಬಿಡಿ. ತೂಕ ಬೇರೆ, ತಾಳ ಒಂದೇ. ನ್ಯೂಟನ್ ಇದನ್ನೇ 11 ಅಡಿಯ ದಾರ ಕಟ್ಟಿ ಚಿನ್ನ, ಬೆಳ್ಳಿ, ಸೀಸ, ಗಾಜು, ಮರಳು, ಉಪ್ಪು, ಮರ, ನೀರು, ಗೋಧಿ ಎಂದು ಒಂದೊಂದಾಗಿ ನೋಡಿದ. ಭೂಮಿಯ ಎಳೆತಕ್ಕೂ ವಸ್ತುವಿನ ಜಡತೆಗೂ (ಅಲುಗಲು ಒಲ್ಲದ ಗುಣ) ಪ್ರಮಾಣ ಒಂದೇ ಎಂದು ಕಂಡುಕೊಂಡ, ಏಕೆಂದು ಹೇಳಲಾಗಲಿಲ್ಲ. 1907ರಲ್ಲಿ ಐನ್‌ಸ್ಟೈನ್ ಹಿಡಿದ ಎಳೆ ಇದೇ. ಎಲ್ಲವೂ ಒಂದೇ ಬಗೆಯಲ್ಲಿ ಬೀಳುವುದಾದರೆ ಬೀಳುವುದು ವಸ್ತುವಿನ ಗುಣವಲ್ಲ, ಅದು ಹಾಯುವ ದೇಶಕಾಲದ ದಾರಿಯ ಗುಣ. ನಿಮ್ಮ ಎರಡೂ ಗುಂಪು ಜಗ್ಗಾಡಿದ್ದು ಒಂದೇ ದಾರದ ಎರಡು ತುದಿ ಹಿಡಿದು.

ರಬ್ಬರ್ ಹಾಳೆಯನ್ನು ಮಾತ್ರ ದಯವಿಟ್ಟು ಮಡಚಿಡಿ. ಹಾಳೆಯ ಮೇಲೆ ಗೋಲಿ ಉರುಳುವುದು ಕೆಳಗಿನಿಂದ ಭೂಮಿ ಎಳೆಯುವುದರಿಂದಲೇ. ಗುರುತ್ವವನ್ನು ವಿವರಿಸಲು ಗುರುತ್ವವನ್ನೇ ಕಡ ತಂದಂತಾಯಿತು. ಕೈಬಿಟ್ಟ ಕಲ್ಲು ಬೀಳುವಲ್ಲಿ ಮುಖ್ಯವಾಗಿ ಬಾಗಿರುವುದು ಕಾಲ. ನೆಲದ ಗಡಿಯಾರ ಎತ್ತರದ ಗಡಿಯಾರಕ್ಕಿಂತ ನಿಧಾನ. ಜಿಪಿಎಸ್ ಉಪಗ್ರಹದ ಗಡಿಯಾರ ಗುರುತ್ವದ ಲೆಕ್ಕದಲ್ಲಿ ದಿನಕ್ಕೆ 45 ಮೈಕ್ರೊಸೆಕೆಂಡು ಮುಂದೆ, ವೇಗದ ಲೆಕ್ಕದಲ್ಲಿ 7 ಹಿಂದೆ, ಒಟ್ಟು 38 ಮುಂದೆ. ಅದನ್ನು ಸರಿಪಡಿಸದಿದ್ದರೆ ಒಂದು ದಿನದಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚಿನ ತಪ್ಪು: ಡೊಂಬಿವಲಿಯಲ್ಲಿ ಆಟೊ ಕರೆದರೆ ಅದು ಠಾಣೆಯತ್ತ ಹೋದೀತು.

ಇನ್ನು ನಿಮ್ಮ ಹಿರಿಯರು. ಹೌದು, ಜಯಂತ ನಾರ್ಳೀಕರ್ ಒಪ್ಪಲಿಲ್ಲ. ಆದರೆ ಒಪ್ಪದಿದ್ದವರ ಹೊಣೆಯನ್ನು ಅವರು ಹೊತ್ತರು. 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಪ್ರಕಟಿಸಿದ, ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ, ಮಹಾಸ್ಫೋಟದ ಉಳಿಕೆ ಎನ್ನಲಾಗುವ ಹಿನ್ನೆಲೆ ವಿಕಿರಣಕ್ಕೆ (ಇಂದಿನ ಅಳತೆ 2.725 ಕೆಲ್ವಿನ್) ಮಹಾಸ್ಫೋಟವಿಲ್ಲದೆ ಕಾರಣ ಕೊಡಬೇಕಿತ್ತು. ಖಗೋಳವಿಜ್ಞಾನಿಗಳಾದ ಹಾಯ್ಲ್, ಬರ್ಬಿಜ್ ಜೊತೆ 1993ರಿಂದ ಮಂಡಿಸಿದ ಸಿದ್ಧಾಂತದಲ್ಲಿ, ನಕ್ಷತ್ರಗಳ ಬೆಳಕನ್ನು ಸೂಜಿಯಂಥ ಕಬ್ಬಿಣದ ಕಣಗಳು ಹೀರಿ ಮರಳಿ ಬಿಡುತ್ತವೆ ಎಂದು ಲೆಕ್ಕ ಮಾಡಿ ತೋರಿಸಿದರು. ಬಹುತೇಕ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ, ನನಗೂ ಮಹಾಸ್ಫೋಟದ ಸಾಕ್ಷ್ಯವೇ ಗಟ್ಟಿಯೆನಿಸುತ್ತದೆ. ಆದರೆ ಅವರ ಹೆಸರು ಎತ್ತುವವರು ಆ ಸೂಜಿಗಳ ಲೆಕ್ಕವನ್ನೂ ಎತ್ತಬೇಕು.

ನಾರ್ಳೀಕರರು ಪುಣೆಯಲ್ಲಿ ಆಯುಕಾ ಎಂಬ ಖಗೋಳ ಸಂಶೋಧನಾ ಕೇಂದ್ರ ಕಟ್ಟಿದವರು. ಜೊತೆಗೇ ಮರಾಠಿಯಲ್ಲಿ ಜನರಿಗಾಗಿ ಜೀವನವಿಡೀ ಬರೆದರು. ಆ ಕಡೆಯ ಊರುಗಳಲ್ಲಿರುವ ನಮ್ಮ ಸಂಘಗಳು ಶಾಲು, ಹಾರ, ಫಲಪುಷ್ಪಕ್ಕೆ ಸುರಿಯುವ ಹಣದಲ್ಲಿ ಒಂದು ಸಾಧಾರಣ ದೂರದರ್ಶಕ ಬರುತ್ತಿತ್ತು. ಪುಣೆಗೆ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದ ಖೋಡದದ ಸುತ್ತಮುತ್ತ ರೇಡಿಯೊ ದೂರದರ್ಶಕದ 45 ಮೀಟರ್ ವ್ಯಾಸದ 30 ಆಂಟೆನಾಗಳು ಆಕಾಶಕ್ಕೆ ಕಿವಿಗೊಟ್ಟು ನಿಂತಿವೆ. ನಮ್ಮ ವಾರ್ಷಿಕ ಪ್ರವಾಸದ ಬಸ್ಸು ಅತ್ತ ತಿರುಗುವುದೇ ಇಲ್ಲ. ಕನ್ನಡದ ವಿಜ್ಞಾನ ಬರಹದಲ್ಲೂ "ಅದ್ಭುತ", "ವಿಸ್ಮಯ" ಧಾರಾಳ, ಅಂಕಿ ವಿರಳ. ಈ ಪತ್ರಿಕೆಯೂ ಅದಕ್ಕೆ ಹೊರತಲ್ಲ, ತಿದ್ದಿಕೊಳ್ಳಬೇಕು.

ಮುಂದಿನ ಭಾನುವಾರ ಅಧ್ಯಾಪಕರನ್ನು ಮನೆಗೇ ಹೋಗಿ ಕರೆತನ್ನಿ. ದಾರದ ತುದಿ ಅವರ ಕೈಯಲ್ಲಿರಲಿ. ಉದ್ದ, ಎಣಿಕೆ, ಸೆಕೆಂಡು ಮೂರನ್ನೂ ಬರೆದು ಕಳಿಸಿ, ತಪ್ಪಿದ ಸರದಿಗಳನ್ನೂ ಅಳಿಸದೆ. ಅಚ್ಚು ಹಾಕುತ್ತೇವೆ.

– ಸಂ.