ಪಾಡ್‌ಕಾಸ್ಟ್‌ಗೆ ಕರೆದಿದ್ದಾರೆ, ಏನು ತಯಾರಿ ಮಾಡಿಕೊಳ್ಳಲಿ?

ಈ ಅಂಕಣಕ್ಕೆ ಸಾಮಾನ್ಯವಾಗಿ ಪಾಡ್‌ಕಾಸ್ಟ್ ಶುರು ಮಾಡುವವರು ಬರೆಯುತ್ತಾರೆ. ಯಾವ ಮೈಕ್, ಯಾವ ಆ್ಯಪ್ ಅಂತ ಕೇಳುತ್ತಾರೆ. ಈ ಸಲ ಬಂದ ಪತ್ರಗಳು ಎದುರು ಕುರ್ಚಿಯವರದ್ದು. ಅತಿಥಿಯಾಗಿ ಕರೆ ಬಂದಿದೆ, ಈಗೇನು ಮಾಡಲಿ ಅನ್ನುವವರು. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೇ ಹೆಚ್ಚು ಜಾಗ ಹೋಗಿದೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ತೋಟಗಾರಿಕೆ ಇಲಾಖೆಯಿಂದ ನಿವೃತ್ತನಾದವನು, ಊರು ತೀರ್ಥಹಳ್ಳಿ ಹತ್ತಿರ. ಅಡಿಕೆ ಕೊಳೆ ರೋಗದ ಬಗ್ಗೆ ಮಾತಾಡಲು ಒಂದು ಕನ್ನಡ ಪಾಡ್‌ಕಾಸ್ಟ್‌ನವರು ಕರೆದಿದ್ದಾರೆ. ಭದ್ರಾವತಿ ಆಕಾಶವಾಣಿಯಲ್ಲಿ ಭಾಷಣ ಓದಿ ಅಭ್ಯಾಸವಿದೆ. ಇದಕ್ಕೂ ಹಾಗೇ ಬರೆದುಕೊಂಡು ಹೋಗಲೇ? ಒಂದು ಗಂಟೆ ಮಾತಾಡಬೇಕಂತೆ, ಅದೇ ಭಯ.

ಬರೆದುಕೊಂಡು ಹೋಗಬೇಡಿ ಸರ್. ರೇಡಿಯೊ ಭಾಷಣಕ್ಕೆ ನಿಮಿಷದ ಲೆಕ್ಕ ಇರುತ್ತದೆ, ಓದುವುದೇ ಅಲ್ಲಿನ ರೀತಿ. ಇಲ್ಲಿ ಎದುರಿಗೊಬ್ಬರು ಕೂತಿರುತ್ತಾರೆ. ನೀವು ಹಾಳೆ ನೋಡಿ ಓದಿದರೆ ಎರಡನೇ ವಾಕ್ಯಕ್ಕೇ ಕೇಳುವವರಿಗೆ ಗೊತ್ತಾಗುತ್ತದೆ. ದನಿ ಒಂದೇ ಮಟ್ಟಕ್ಕೆ ಬರುತ್ತದೆ, ಮಧ್ಯೆ ಪ್ರಶ್ನೆ ಹಾಕಲು ನಿರೂಪಕರಿಗೂ ಸಂಕೋಚ.

ಮೊದಲ ಕೆಲಸ, ಅವರ ಮೂರ್ನಾಲ್ಕು ಸಂಚಿಕೆ ಪೂರ್ತಿ ಕೇಳಿ. ನಿರೂಪಕರು ನಡುವೆ ಬಾಯಿ ಹಾಕುತ್ತಾರಾ, ಸುಮ್ನೆ ಕೇಳಿಸಿಕೊಳ್ಳುತ್ತಾರಾ? ಕೊನೆಯಲ್ಲಿ ಎಲ್ಲರಿಗೂ ಕೇಳುವ ಒಂದು ಮಾಮೂಲಿ ಪ್ರಶ್ನೆ ಇದೆಯಾ? ಅದಕ್ಕಿಂತ ಮುಖ್ಯವಾಗಿ, ಯಾರು ಕೇಳುತ್ತಾರೆ? ತೋಟ ಮಾಡುವವರಾ, ಅಥವಾ ಊರಲ್ಲಿ ತೋಟ ಬಿಟ್ಟು ಬೆಂಗಳೂರಲ್ಲಿ ಇರುವವರಾ? ತೋಟದವರಿಗೆ ಕೊನೆಗಾರ (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು) ಅಂದರೆ ಯಾರು ಅಂತ ವಿವರಿಸಲು ಹೋದರೆ ನಗುತ್ತಾರೆ. ಬೆಂಗಳೂರಿನವರಿಗೆ ವಿವರಿಸದಿದ್ದರೆ ಅಲ್ಲೇ ಕೈಬಿಟ್ಟು ಹೋಗುತ್ತಾರೆ. ಸಂಚಿಕೆ ಕೇಳಿದರೂ ಗೊತ್ತಾಗದಿದ್ದರೆ ನಿರೂಪಕರಿಗೇ ಫೋನ್ ಮಾಡಿ ಕೇಳಿ.

ಪ್ರಶ್ನೆಗಳನ್ನು ಮುಂಚೆ ಕೇಳುವುದರಲ್ಲಿ ತಪ್ಪೇನಿಲ್ಲ. ಪಟ್ಟಿ ಬಂದರೂ ಉತ್ತರ ಬರೆದಿಟ್ಟುಕೊಳ್ಳಬೇಡಿ. ಒಂದೊಂದು ಪ್ರಶ್ನೆಯ ಪಕ್ಕ ಎರಡು ಮೂರು ಪದ ಸಾಕು. ಒಂದು ಊರು, ಒಂದು ವರ್ಷ, ಒಂದು ವಸ್ತು. ಬಾಯಿಪಾಠ ಮಾಡಿದ್ದು ಮೈಕ್ ಮುಂದೆ ಮರೆತರೂ ಮರೆಯಬಹುದು, ಕಂಡದ್ದು ಮರೆಯುವುದಿಲ್ಲ.

ನಿಮ್ಮ ವಿಷಯವನ್ನೇ ತೆಗೆದುಕೊಳ್ಳೋಣ. ‘ಕೊಳೆ ರೋಗ ತಡೆಯುವುದು ಹೇಗೆ?’ ಅಂತ ಕೇಳಿದರು ಅನ್ನಿ. ಅಧಿಕಾರಿಯ ಉತ್ತರ ಹೀಗಿರುತ್ತದೆ: ‘ಮುಂಗಾರು ಪೂರ್ವದಲ್ಲಿ ಶೇಕಡ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಿ, 40ರಿಂದ 45 ದಿನಗಳ ನಂತರ ಪುನರಾವರ್ತಿಸುವುದು.’ ಸರಿಯಾದ ಮಾತೇ. ಆದರೆ ಕರಪತ್ರದಲ್ಲಿ ಇರುವುದೂ ಇದೇ.

ಈಗ ಇದನ್ನು ಜೋರಾಗಿ ಹೇಳಿ ನೋಡಿ. ‘ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್‌ನಲ್ಲಿ ಕರಗಿಸಬೇಕು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹಾಕಬೇಕು, ಉಲ್ಟಾ ಮಾಡಬಾರದು. ಆಮೇಲೆ ಒಂದು ಕಬ್ಬಿಣದ ಚಾಕು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಚಾಕುವಿಗೆ ಕೆಂಪು ಹಿಡಿದಿದ್ದರೆ ಸುಣ್ಣ ಸಾಲದು ಅಂತ. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ.’

ಪಾತ್ರೆ ತೊಳೆಯುತ್ತಾ ಇಯರ್‌ಫೋನ್‌ನಲ್ಲಿ ಕೇಳುತ್ತಿರುವವರಿಗೂ ಆ ಚಾಕು ಕಾಣುತ್ತದೆ. ಸಂಚಿಕೆ ಮುಗಿದ ಮೇಲೆ ಅವರು ಇನ್ನೊಬ್ಬರಿಗೆ ಹೇಳುವುದು ಇದನ್ನೇ. ನೆನಪಿನಲ್ಲಿ ಉಳಿಯುವ ಅತಿಥಿ ಅಂತ ಯಾರನ್ನಾದರೂ ಹೊಗಳಿದರೆ, ಹಿಂದೆ ಹೋಗಿ ನೋಡಿ, ಇಂಥ ಒಂದು ಚಾಕು ಇದ್ದೇ ಇರುತ್ತದೆ.

ಇಂಥವು ಐದಾರು ಜೊತೆಗಿದ್ದರೆ ಒಂದು ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ಕಾಲ ನಿಮಗೆ ನೆನಪಿರಬೇಕಲ್ವಾ? ಅದನ್ನು ಯಾರು ಹೆಣೆಯುತ್ತಿದ್ದರು, ಮಳೆಗಾಲದಲ್ಲಿ ಜಾರುವ ಮರ ಹತ್ತುವಾಗ ಕೊನೆಗಾರ ಕಾಲಿಗೆ ಏನು ಹಾಕಿಕೊಳ್ಳುತ್ತಿದ್ದ, ಈಗ ಮರ ಹತ್ತುವವರು ಸಿಗದೆ ಕಾರ್ಬನ್ ಫೈಬರ್ ದೋಟಿ ಬಂದು ಏನೇನು ಬದಲಾಯಿತು. ಇದು ಗೂಗಲ್‌ನಲ್ಲಿ ಸುಲಭಕ್ಕೆ ಸಿಗುವ ಸರಕಲ್ಲ. ನಿಮ್ಮನ್ನು ಕರೆದಿರುವುದೇ ಇದಕ್ಕೆ.

ಒಂದು ಉತ್ತರಕ್ಕೆ ಎರಡು ನಿಮಿಷ ಸಾಕು. ನಿಲ್ಲಿಸಿ, ಅವರು ಕೇಳಲಿ. ನಿವೃತ್ತ ಅಧಿಕಾರಿಗಳಿಗೆ ಇದು ಕಷ್ಟ ಅಂತ ನಾನು ಹೇಳಿದರೆ ಸಿಟ್ಟಾಗಬೇಡಿ, ತರಬೇತಿ ಶಿಬಿರಗಳಲ್ಲಿ ನಿಮ್ಮನ್ನು ಯಾರೂ ತಡೆದಿರುವುದಿಲ್ಲ! ಮುಂದಿನ ವರ್ಷ ಅಡಿಕೆ ರೇಟು ಎಷ್ಟಾಗಬಹುದು ಅಂತ ಕೇಳೇ ಕೇಳುತ್ತಾರೆ. ‘ಅದು ನನಗೆ ಗೊತ್ತಿಲ್ಲ, ನನ್ನ ಕ್ಷೇತ್ರವಲ್ಲ’ ಅಂದುಬಿಡಿ. ಹಾಗಂದವರು ಉಳಿದದ್ದನ್ನು ಹೇಳಿದಾಗ ನಂಬಿಕೆ ಬರುತ್ತದೆ.

ಪ್ರಶ್ನೆ: ನಾವು ಹುಬ್ಬಳ್ಯಾಗ ಖಡಕ್ ರೊಟ್ಟಿ ಮಾಡಿ ಮಾರ್ತೀವಿ. ಬೆಂಗಳೂರಿನ ಸ್ಟುಡಿಯೋಕ್ಕ ಕರದಾರ, ವಿಡಿಯೋನೂ ಐತಂತ. ನಮ್ಮ ಭಾಷಾ ನಡೀತೈತೇನ್ರಿ? ಎಂಥಾ ಸೀರಿ ಉಡಬೇಕು? ನಮ್ಮ ರೊಟ್ಟಿ ಬಗ್ಗೆ ಎಷ್ಟು ಹೇಳಿದ್ರ ಚೊಲೋ?

ನಡೆಯುವುದೇನು ಅಕ್ಕಾರ, ನಿಮ್ಮ ಭಾಷೆಯಲ್ಲಿ ಬಿಟ್ಟು ಬೇರೆ ಭಾಷೆಯಲ್ಲಿ ಮಾತಾಡಬೇಡಿ. ಸ್ಟುಡಿಯೊಗೆ ಹೋದ ಕೂಡಲೇ ಪುಸ್ತಕದ ಕನ್ನಡಕ್ಕೆ ಬದಲಾಯಿಸಿಕೊಂಡವರು ಅರ್ಧ ಗಮನವನ್ನು ವಿಭಕ್ತಿ ಸರಿಮಾಡುವುದಕ್ಕೇ ಖರ್ಚು ಮಾಡುತ್ತಾರೆ. ದಕ್ಷಿಣದವರಿಗೆ ತಿಳಿಯದ ಪದ ಬಂದರೆ ನಿರೂಪಕರು ಕೇಳುತ್ತಾರೆ, ಅದೇ ಒಂದು ಒಳ್ಳೆ ಮಾತಾಗುತ್ತದೆ.

ಸೀರೆ ಯಾವುದಾದರೂ ಸರಿ, ಸಣ್ಣ ಸಣ್ಣ ಗೀರು ಒತ್ತಾಗಿ ಇರುವುದು ಬೇಡ. ಕ್ಯಾಮೆರಾದಲ್ಲಿ ಅದು ಅಲೆಅಲೆಯಾಗಿ ನಡುಗಿದಂತೆ ಕಾಣುತ್ತದೆ. ಅದಕ್ಕಿಂತ ಬಟ್ಟೆಯ ಸದ್ದಿನ ಬಗ್ಗೆ ಜಾಸ್ತಿ ಯೋಚನೆ ಮಾಡಿ. ಸೆರಗಿಗೆ ಸಣ್ಣ ಮೈಕ್ ಸಿಕ್ಕಿಸಿದರೆ ಗರಿಗರಿ ರೇಷ್ಮೆ ಪ್ರತಿ ಉಸಿರಿಗೂ ಸರಸರ ಅನ್ನುತ್ತದೆ. ಮೆತ್ತನೆಯ ಹತ್ತಿ ಸೀರೆಯಾದರೆ ಈ ತಾಪತ್ರಯ ಕಡಿಮೆ. ತಾಳಿ ಸರ ಮೈಕ್‌ಗೆ ತಾಗದಂತೆ ನೋಡಿಕೊಳ್ಳಿ. ಗಾಜಿನ ಬಳೆ ಮೇಜಿಗೆ ಬಡಿದ ಸದ್ದನ್ನು ಆಮೇಲೆ ತೆಗೆಯುವುದು ಬಹಳ ಕಷ್ಟ, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಆಯಿತು. ಮೇಜಿನ ಮೈಕ್ ಆದರೆ ಬಾಯಿಂದ ನಾಲ್ಕೈದು ಇಂಚು ದೂರ, ಒಂಚೂರು ಓರೆಯಾಗಿ ಮಾತಾಡಿ. ನೇರ ಮಾತಾಡಿದರೆ ಪ, ಬ, ಭ ಅಕ್ಷರಗಳ ಗಾಳಿ ಮೈಕ್‌ಗೆ ಹೊಡೆದು ‘ಧಬ್’ ಅನ್ನುತ್ತದೆ. ‘ಭಾಳ’ ಅನ್ನದೆ ನಿಮಗೆ ಒಂದು ವಾಕ್ಯ ಮುಗಿಯುವುದಿಲ್ಲವಲ್ಲ!

ಇನ್ನು ಪ್ರಚಾರ. ನಿಮ್ಮ ಬ್ರ್ಯಾಂಡ್ ಹೆಸರನ್ನು ಶುರುವಿನಲ್ಲಿ ಒಮ್ಮೆ, ಕೊನೆಗೊಮ್ಮೆ ಅವರೇ ಹೇಳುತ್ತಾರೆ. ನಡುವೆ ಹೆಸರು ಬಿಟ್ಟು ಕೆಲಸ ಹೇಳಿ. ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಅನ್ನುವ ಅಂಟು ಇಲ್ಲ, ತಣ್ಣೀರು ಹಾಕಿ ನಾದಿದರೆ ಬಡಿಯುವಾಗ ಹರಿಯುತ್ತದೆ, ಅದಕ್ಕೇ ಎಸರು ಕಾಯಿಸಿ ಹಾಕುವುದು ಅಂತ ಹೇಳಿ. ಹೊಸ ಹುಡುಗಿಯರಿಗೆ ಬಡಿಯುವುದು ಕಲಿಸುವಾಗ ಮೊದಲು ಎಲ್ಲಿ ತಪ್ಪುತ್ತಾರೆ ಅಂತ ಹೇಳಿ. ಇನ್ನೊಂದು ಕೆಲಸ ಮಾಡಿ. ಬೆಳಗ್ಗೆ ನಿಮ್ಮ ಅಡುಗೆಮನೆಯಲ್ಲಿ ನಾಲ್ಕೈದು ಜನ ಒಟ್ಟಿಗೆ ರೊಟ್ಟಿ ಬಡಿಯುವ ಸದ್ದನ್ನು ಅರ್ಧ ನಿಮಿಷ ಫೋನ್‌ನಲ್ಲಿ ರೆಕಾರ್ಡ್ ಮಾಡಿ ನಿರೂಪಕರಿಗೆ ಕಳಿಸಿ. ಅದನ್ನು ಬಳಸದ ಸಂಕಲನಕಾರ ಸಿಗುವುದು ಕಷ್ಟ.

ಮನೆ ಜಗಳ, ಸಾಲ, ವಹಿವಾಟಿನ ಮೊತ್ತ, ಇವುಗಳಲ್ಲಿ ಯಾವುದನ್ನು ಹೇಳುವುದಿಲ್ಲ ಅಂತ ಮೊದಲೇ ತೀರ್ಮಾನಿಸಿ, ರೆಕಾರ್ಡಿಂಗ್‌ಗೆ ಮುಂಚೆಯೇ ಅವರಿಗೆ ತಿಳಿಸಿ.

ಪ್ರಶ್ನೆ: ಐರ್ಲೆಂಡ್‌ನ ಡಬ್ಲಿನ್‌ನಲ್ಲಿ ನರ್ಸ್ ಆಗಿದ್ದೇನೆ. ಮೈಸೂರಿನ ಪಾಡ್‌ಕಾಸ್ಟ್ ಒಂದಕ್ಕೆ ಆನ್‌ಲೈನ್‌ನಲ್ಲೇ ಮಾತಾಡಬೇಕು. ನನ್ನ ಹತ್ತಿರ ದುಬಾರಿ ಮೈಕ್ ಇಲ್ಲ, ಬ್ಲೂಟೂತ್ ಇಯರ್‌ಬಡ್ ಇದೆ. ಸಾಕಾ?

ಇಯರ್‌ಬಡ್ ಪಕ್ಕಕ್ಕಿಡಿ. ಹಾಡು ಕೇಳುವಾಗ ಅದು ಚೆನ್ನಾಗಿರುತ್ತದೆ. ಆದರೆ ಅದರ ಮೈಕ್ ಆನ್ ಆದ ಕೂಡಲೇ ಬಹುತೇಕ ಬ್ಲೂಟೂತ್ ಸಾಧನಗಳು ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತವೆ, ನಿಮ್ಮ ದನಿ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ತಂತಿ ಇರುವ ಮಾಮೂಲಿ ಇಯರ್‌ಫೋನ್ ಅದಕ್ಕಿಂತ ಮೇಲು. ಅದರ ಮೈಕ್ ಬಟ್ಟೆಗೆ ಉಜ್ಜದಂತೆ ನೋಡಿಕೊಳ್ಳಿ.

ಮೈಕ್‌ಗಿಂತ ಕೋಣೆ ಮುಖ್ಯ. ಬೋಳು ಗೋಡೆಯ ಅಡುಗೆಮನೆ ಬೇಡ. ಹಾಸಿಗೆ, ದಪ್ಪ ಪರದೆ, ಬಟ್ಟೆ ತುಂಬಿದ ಕಪಾಟು ಇರುವ ಮಲಗುವ ಕೋಣೆ ಒಳ್ಳೆಯದು. ಕಪಾಟಿನ ಬಾಗಿಲು ತೆರೆದಿಟ್ಟು ಅದರ ಕಡೆ ಮುಖ ಮಾಡಿ ಕೂತರೆ ಇನ್ನೂ ಒಳ್ಳೆಯದು.

ಅವರು ರಿವರ್‌ಸೈಡ್ ಅಥವಾ ಝೆನ್‌ಕಾಸ್ಟರ್ ಥರದ ಆನ್‌ಲೈನ್ ರೆಕಾರ್ಡಿಂಗ್ ತಾಣ ಬಳಸಿದರೆ ನಿಮ್ಮ ದನಿ ನಿಮ್ಮ ಕಂಪ್ಯೂಟರ್‌ನಲ್ಲೇ ರೆಕಾರ್ಡ್ ಆಗಿ ಅಪ್‌ಲೋಡ್ ಆಗುತ್ತದೆ. ನಡುವೆ ನೆಟ್ ಕೈಕೊಟ್ಟರೂ ಸಂಚಿಕೆಯಲ್ಲಿ ಮಾತು ಸರಿಯಾಗಿರುತ್ತದೆ. ಆದರೆ ಮಾತು ಮುಗಿಯಿತು ಅಂತ ಟ್ಯಾಬ್ ಮುಚ್ಚಬೇಡಿ, ಅಪ್‌ಲೋಡ್ ಪೂರ್ತಿಯಾಗಲಿ. ಆನ್‌ಲೈನ್‌ನಲ್ಲಿ ದನಿ ತಲುಪಲು ಒಂದು ಕ್ಷಣ ತಡ ಆಗುತ್ತದೆ. ನಿರೂಪಕರು ಮಾತಾಡುವಾಗ ‘ಹೂಂ, ಹೂಂ’ ಅನ್ನದೆ ತಲೆಯಾಡಿಸಿ. ಹೂಂಗುಟ್ಟುವುದು ನಮ್ಮ ಮರ್ಯಾದೆ, ನಿಜ. ರೆಕಾರ್ಡಿಂಗ್‌ನಲ್ಲಿ ಮಾತ್ರ ಅದು ಇನ್ನೊಬ್ಬರ ಮಾತನ್ನು ತಿನ್ನುತ್ತದೆ.

ಸಮಯ ನಿಗದಿ ಮಾಡುವಾಗ ಎರಡೂ ಊರಿನ ಗಂಟೆ ಬರೆದು ಕಳಿಸಿ. ಬೇಸಿಗೆಯಲ್ಲಿ ಮೈಸೂರು ನಿಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಕ್ಟೋಬರ್ ಕೊನೆಯ ಭಾನುವಾರ ನಿಮ್ಮಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ ಐದೂವರೆ. ನಿಮ್ಮ ಗಡಿಯಾರ ಬದಲಾಗುತ್ತದೆ ಅನ್ನುವುದು ಇಲ್ಲಿನವರಿಗೆ ಹೊಳೆಯುವುದಿಲ್ಲ. ಇನ್ನು ನೀವು ನರ್ಸ್ ಆದ್ದರಿಂದ ಒಂದು ಮಾತು. ರೋಗಿಗಳ ಕತೆ ಹೇಳುವಾಗ ಹೆಸರು ಬಿಟ್ಟರೆ ಸಾಲದು. ವಾರ್ಡು, ತಿಂಗಳು, ಕಾಯಿಲೆ ಮೂರೂ ಸೇರಿದರೆ ಅವರ ಮನೆಯವರಿಗೆ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ಮಾತಿನ ಭರದಲ್ಲಿ ನನ್ನ ಹಳೆಯ ಬಾಸ್ ಹೆಸರು ಹಿಡಿದು ‘ದುಡ್ಡು ತಿಂದ’ ಅಂದುಬಿಟ್ಟೆ. ಸಂಚಿಕೆ ಇನ್ನೂ ಬಂದಿಲ್ಲ. ತೆಗೆಸಬಹುದಾ?

ಇವತ್ತೇ ಬರೆಯಿರಿ. ಫೋನ್‌ನಲ್ಲಿ ಹೇಳಿ ಬಿಡಬೇಡಿ, ಇಮೇಲ್ ಇರಲಿ. ಸುಮಾರು ಎಷ್ಟನೇ ನಿಮಿಷ, ಯಾವ ವಾಕ್ಯದಿಂದ ಯಾವ ವಾಕ್ಯದವರೆಗೆ ಅಂತ ತಿಳಿಸಿ. ಕಿರು ವಿಡಿಯೊ ತುಣುಕಿನಲ್ಲೂ ಅದು ಬರಬಾರದು ಅಂತ ಬೇರೆಯಾಗಿ ಸೇರಿಸಿ, ಯಾಕೆಂದರೆ ತುಣುಕು ಮಾಡುವವರು ಹುಡುಕುವುದೇ ಇಂಥ ಮಾತು. ಮೊದಲೇ ಒಪ್ಪಂದ ಆಗಿಲ್ಲದಿದ್ದರೆ ಕತ್ತರಿಸುವುದು ಹೆಚ್ಚಾಗಿ ಅವರ ಕೈಯಲ್ಲಿರುತ್ತದೆ. ಆದರೂ ಒಪ್ಪುತ್ತಾರೆ. ಬಾಯಲ್ಲಿ ಆಡಿದ ಮಾತಿಗೂ ಮಾನನಷ್ಟ ಮೊಕದ್ದಮೆ ಹೂಡಬಹುದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು ಆಗಬಹುದು. ಪ್ರಸಾರ ಮಾಡಿದವರ ಕೊರಳಿಗೂ ಬರಬಹುದು ಅನ್ನುವುದು ಅವರಿಗೂ ಗೊತ್ತಿರುತ್ತದೆ.

ಮುಂದಿನ ಸಲ, ತಪ್ಪು ಮಾತು ಬಂದ ಕ್ಷಣವೇ ನಿಲ್ಲಿಸಿ, ಒಂದು ಚಪ್ಪಾಳೆ ಹೊಡೆದು, ‘ಇದು ಬೇಡ, ಮತ್ತೆ ಹೇಳುತ್ತೇನೆ’ ಅನ್ನಿ. ಚಪ್ಪಾಳೆಯ ಸದ್ದು ಸಂಕಲನಕಾರರ ಪರದೆಯಲ್ಲಿ ಉದ್ದ ಗೆರೆಯಾಗಿ ಎದ್ದು ಕಾಣುತ್ತದೆ. ಹುಡುಕುವ ಕೆಲಸ ತಪ್ಪುತ್ತದೆ.

ಪ್ರಶ್ನೆ: ‘ನಿಮ್ಮ ಯಶೋಗಾಥೆ ಹೇಳಿ’ ಅಂತ ಕರೆದವರು ಈಗ ‘ಸ್ಟುಡಿಯೊ ಖರ್ಚು’ ಅಂತ ಹದಿನೈದು ಸಾವಿರ ಕೇಳುತ್ತಿದ್ದಾರೆ. ಕೊಡಲೇ?

ಕೊಟ್ಟರೆ ನೀವು ಅತಿಥಿ ಅಲ್ಲ, ಗಿರಾಕಿ. ಜಾಹೀರಾತು ಅಂದುಕೊಂಡು ಕೊಡುವುದಾದರೆ ಅದು ನಿಮ್ಮ ಇಷ್ಟ. ಆಗ ಎಷ್ಟು ಜನ ಕೊನೆಯವರೆಗೆ ಕೇಳುತ್ತಾರೆ ಅನ್ನುವ ಲೆಕ್ಕ ಕೇಳಿ, ಚಂದಾದಾರರ ಸಂಖ್ಯೆ ತೋರಿಸಿದರೆ ಒಪ್ಪಬೇಡಿ. ಇನ್ನೊಂದು, ದುಡ್ಡಿನ ವ್ಯವಹಾರ ಇರುವ ಪ್ರಚಾರಕ್ಕೆ ಹಾಗಂತ ಗುರುತು ಹಾಕಬೇಕು ಎಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗೆ ಹೇಳಿದೆ. ನಿಮ್ಮ ಸಂಚಿಕೆಗೆ ‘ಜಾಹೀರಾತು’ ಅಂತ ಹಾಕುತ್ತೀರಾ ಅಂತ ಒಂದು ಮಾತು ಕೇಳಿ ನೋಡಿ. ಆಮೇಲೆ ಅವರ ಫೋನ್ ಬರದೆಯೂ ಇರಬಹುದು.